ರಸ್ತೆ ಮಾಡಿದವರಿಗೆ ಪರಮವೀರ ಚಕ್ರವೇ?

ಮುಧೋಳದ ಓದುಗರೊಬ್ಬರು ಕೇಳಿದ್ದಾರೆ: 'ಕಾರವಾರದ ಹತ್ತಿರದ ಚೆಂಡಿಯಾದಲ್ಲಿ ಹುಟ್ಟಿದ ರಾಮ ರಾಘೋಬ ರಾಣೆಯವರು ಯುದ್ಧದಲ್ಲಿ ರಸ್ತೆ ತೆರವು ಮಾಡಿದರಂತೆ. ಅದು ಪಿಡಬ್ಲ್ಯೂಡಿ ಕೆಲಸವಲ್ಲವೆ? ಪರಮವೀರ ಚಕ್ರ ಯಾಕೆ ಕೊಟ್ಟರು?'

ಬೆಳಗಾವಿಯ ಮರಾಠಾ ರೆಜಿಮೆಂಟ್ ನೋಡಿ ಬೆಳೆದ ನಮಗೆ ಸಿಪಾಯಿ ಅಂದರೆ ಬಂದೂಕೇ ಕಣ್ಣಿಗೆ ಕಟ್ಟುತ್ತದೆ. ರಾಣೆಯವರು ಸ್ಯಾಪರ್, ಅಂದರೆ ದಾರಿ ಮಾಡುವ, ನೆಲಬಾಂಬು ತೆಗೆಯುವ ಸೇನಾ ಎಂಜಿನಿಯರ್. ಸ್ಯಾಪರ್‌ನ ಎರಡೂ ಕೈ ಮಣ್ಣಿನಲ್ಲಿರುತ್ತವೆ. ಗುಂಡು ಬಂದರೆ ತಿರುಗಿ ಹೊಡೆಯಲು ಅವನ ಕೈ ಖಾಲಿ ಇರುವುದಿಲ್ಲ.

ನೆಲಬಾಂಬು ತೆಗೆಯುವುದನ್ನೇ ನೋಡಿ. ಲೋಹಶೋಧಕವನ್ನು ಸಾಮಾನ್ಯವಾಗಿ ಎದ್ದು ನಿಂತು ಆಡಿಸಬೇಕು. ಶೆಲ್ ಚೂರು ಚೆಲ್ಲಿದ ನೆಲದಲ್ಲಿ ಅದು ಹೆಜ್ಜೆಗೊಮ್ಮೆ ಕೂಗುತ್ತದೆ, ಮರದ ಪೆಟ್ಟಿಗೆಯ ಬಾಂಬಿಗೆ ಸುಮ್ಮನಿರುತ್ತದೆ. ಆಗ ಬೋರಲು ಮಲಗಿ ಸರಳಿನಿಂದ ಚುಚ್ಚುವುದೇ ದಾರಿ. ಸರಳು ನೆಲಕ್ಕೆ ಸುಮಾರು 30 ಡಿಗ್ರಿ ಓರೆಯಾಗಿರಬೇಕು, ಚುಚ್ಚಿನಿಂದ ಚುಚ್ಚಿಗೆ ಕೆಲವೇ ಸೆಂಟಿಮೀಟರ್. ಓರೆಯಾದರೆ ಮೊನೆ ಬಾಂಬಿನ ಮಗ್ಗುಲಿಗೆ ತಾಗುತ್ತದೆ, ನೆಟ್ಟಗಾದರೆ ತಲೆಗೇ. ಟ್ಯಾಂಕಿಗೆಂದು ಹೂತ ಬಾಂಬು ಸಾಮಾನ್ಯವಾಗಿ 100 ಕಿಲೋ ದಾಟಿದ ಭಾರಕ್ಕೇ ಸಿಡಿಯುವುದು. ಆದರೆ ಅದರ ಸುತ್ತ ಹೂತ ಸಣ್ಣ ಬಾಂಬುಗಳಿಗೆ ಕೆಲವು ಕಿಲೋ ಸಾಕು. ಸಿಕ್ಕಿತೆಂದು ಎತ್ತುವಂತಿಲ್ಲ, ಅಡಿಯಲ್ಲಿ ಇನ್ನೊಂದು ಕಟ್ಟಿರಬಹುದು. ಕೊಕ್ಕೆ ಹಾಕಿ, ಉದ್ದ ಹಗ್ಗದಿಂದ ಮರೆಯಲ್ಲಿದ್ದು ಎಳೆಯಬೇಕು. ನಮ್ಮ ಡೋಣಿ ಹೊಳೆ ಸಾಲಿನ ಎರೆಮಣ್ಣು ಬೇಸಿಗೆಯಲ್ಲಿ ಕಲ್ಲಾಗುತ್ತದಲ್ಲ, ಅಂಥ ನೆಲದಲ್ಲಿ ಸರಳು ಇಳಿಯದು. ಸಿಟ್ಟಿಗೆದ್ದು ಬಲ ಹಾಕಿದವನು ಕೆಟ್ಟ.

ಇಷ್ಟು ನಿಧಾನದ ಕೆಲಸವನ್ನು ರಾಣೆಯವರು ಮಷಿನ್‌ಗನ್ ಎದುರು ಮಾಡಿದರು. ಪಾಕಿಸ್ತಾನದ ಜೊತೆಗಿನ ಮೊದಲ ಯುದ್ಧ, 1948ರ ಏಪ್ರಿಲ್ 8, ಜಮ್ಮು–ಕಾಶ್ಮೀರದ ನೌಶೇರಾ–ರಾಜೌರಿ ರಸ್ತೆ. ಕೆಲಸ ಶುರುವಾಗುವ ಮೊದಲೇ ಮಾರ್ಟರ್ ಬಿದ್ದು ಅವರ ತಂಡದಲ್ಲಿ ಇಬ್ಬರು ಸತ್ತರು, ಐವರು ಗಾಯಗೊಂಡರು. ಗಾಯಗೊಂಡವರಲ್ಲಿ ರಾಣೆಯವರೂ ಒಬ್ಬರು. ಉಳಿದವರನ್ನು ಕೂಡಿಸಿಕೊಂಡು ರಾತ್ರಿ 10ರವರೆಗೆ ಟ್ಯಾಂಕಿಗೆ ಬಳಸುದಾರಿ ಕಡಿದರು. ಮರುದಿನ ಬೆಳಿಗ್ಗೆ 6ಕ್ಕೆ ಮತ್ತೆ ಶುರು. ಮುಂದೆ ವೈರಿಗಳು ದೇವದಾರಿನಂಥ ಪೈನ್ ಮರಗಳನ್ನು ಅಡ್ಡ ಕೆಡವಿದ್ದರು; ಸಿಡಿಸಿ ದಾರಿ ಮಾಡಿದರೆ 300 ಗಜಕ್ಕೆ ಮತ್ತೆ ಮರ, ಆಮೇಲೆ ಒಡೆದ ಮೋರಿ. ಕತ್ತಲಾಗುವ ಹೊತ್ತಿಗೆ ಐದು ದೊಡ್ಡ ಮರ, ಸುತ್ತ ನೆಲಬಾಂಬು. 10ರಂದು ನಸುಕಿನ 4.45ಕ್ಕೆ ಅದಕ್ಕೆ ಕೈ ಹಾಕಿ 6.30ಕ್ಕೆ ಬಿಡಿಸಿದರು.

ಬ್ರಿಟಿಷರ ಕಾಲದ ಭಾರತೀಯ ಸೇನೆಯ ಸ್ಯಾಪರ್ ಪ್ರೇಮೀಂದ್ರ ಸಿಂಗ್ ಭಗತ್ ಅವರದೂ ಇದೇ ಜಾತಿಯ ಕೆಲಸ: 1941ರಲ್ಲಿ ಅಬಿಸೀನಿಯಾದಲ್ಲಿ (ಈಗಿನ ಇಥಿಯೋಪಿಯಾ) ನಾಲ್ಕು ದಿನ, 55 ಮೈಲಿ, ನೆಲಬಾಂಬು ಹೂತ 15 ಹೊಲ. ಕಿವಿಯ ತಮಟೆ ಹರಿದಾಗ ಬದಲಿ ಕೊಡುತ್ತೇವೆಂದರೂ ಒಪ್ಪಲಿಲ್ಲ. ಈಗ ಈ ಕೆಲಸ ತನಗೇ ಚೆನ್ನಾಗಿ ಗೊತ್ತು ಎಂಬುದು ಅವರ ಕಾರಣ. ಬ್ರಿಟಿಷರ ಅತಿ ದೊಡ್ಡ ಶೌರ್ಯ ಪದಕವಾದ ವಿಕ್ಟೋರಿಯಾ ಕ್ರಾಸ್ ಬಂತು.

ರಾಣೆಯವರು ಏಪ್ರಿಲ್ 11ರಂದೂ ರಾತ್ರಿ 10ರವರೆಗೆ ದುಡಿದರು. 12ರಂದು ನಮ್ಮ ಸೇನೆ ರಾಜೌರಿ ಸೇರಿತು.