ಸಿಮ್ ಯಾಕೆ ತೆಗೆದ, ಮಾಸ್ತರೇ?

ಗದಗದಿಂದ ನಿವೃತ್ತ ಮಾಸ್ತರರೊಬ್ಬರು ಬರೆದಿದ್ದಾರೆ: "ನನ್ನ ತಂಗಿಯ ಮಗನಿಗೆ ಹುಬ್ಬಳ್ಳಿಯ ರಸ್ತೆಯಲ್ಲಿ ಮೊಬೈಲ್ ಸಿಕ್ಕಿತು. ಅದರ ಸಿಮ್ ತೆಗೆದು ತನ್ನದು ಹಾಕಿಕೊಂಡ. ಎರಡು ತಿಂಗಳಿಗೆ ಪೊಲೀಸರು ಬಂದು ಕಳ್ಳತನ ಅಂದರು. ಅವನು ಯಾರ ಕಿಸೆಗೂ ಕೈ ಹಾಕಿಲ್ಲ. ಬಿದ್ದದ್ದನ್ನು ಎತ್ತಿಕೊಂಡರೆ ಕಳ್ಳತನವೇ? ಕಳಕೊಂಡವನಿಗೆ ಎಚ್ಚರ ಬೇಡವೇ?"

ಮಾಸ್ತರೇ, ಒಂದು ಮಾತು ನಿಮ್ಮದು ಸರಿ. ರಸ್ತೆಯಲ್ಲಿ ಬಿದ್ದದ್ದು ಯಾರ ವಶದಲ್ಲೂ ಇರುವುದಿಲ್ಲ, ಹಾಗಾಗಿ ಎತ್ತಿಕೊಂಡದ್ದು ಕಳ್ಳತನ ಅಲ್ಲ. ಹಳೇ ದಂಡ ಸಂಹಿತೆ ಐಪಿಸಿಯೇ ದಾರಿಯಲ್ಲಿ ಸಿಕ್ಕ ಉಂಗುರದ ಉದಾಹರಣೆ ಕೊಟ್ಟು ಇದನ್ನು ಹೇಳಿತ್ತು. ಯಾರದೋ ಮನೆಯ ಮೇಜಿನ ಮೇಲಿದ್ದದ್ದಾದರೆ ಮಾತು ಬೇರೆ. ನಿಮ್ಮ ವಕೀಲರು ಇದನ್ನು ಹೇಳಲಿ. ಅಲ್ಲಿಗೆ ನಿಮ್ಮ ಪಾಳಿ ಮುಗಿಯಿತು.

ಯಾಕೆಂದರೆ ಪಕ್ಕದಲ್ಲೇ ಇನ್ನೊಂದು ಕಲಂ ಕೂತಿದೆ. ಮೊದಲು ಐಪಿಸಿ 403, ಈಗ ಭಾರತೀಯ ನ್ಯಾಯ ಸಂಹಿತೆಯ 314. ಒಡೆಯನಿಗೆ ಮುಟ್ಟಿಸಲೆಂದು ಎತ್ತಿದರೆ ತಪ್ಪಿಲ್ಲ. ಒಡೆಯ ಯಾರೆಂದು ಗೊತ್ತಿದ್ದೂ, ಇಲ್ಲವೇ ಹುಡುಕುವ ದಾರಿ ಇದ್ದೂ ತನ್ನದು ಮಾಡಿಕೊಂಡರೆ ತಪ್ಪು. ಗೊತ್ತಾಗದಿದ್ದರೂ ಸುಮ್ನೆ ಇಟ್ಟುಕೊಳ್ಳುವ ಹಾಗಿಲ್ಲ, ನಾಲ್ಕು ಕಡೆ ವಿಚಾರಿಸಿ ಒಂದಷ್ಟು ದಿನ ಕಾಯಬೇಕು. ಮೊದಲು ಬರೀ ದಂಡದಲ್ಲಿ ಪಾರಾಗಬಹುದಿತ್ತು. 2024ರ ಜುಲೈ 1ರಿಂದ ಕನಿಷ್ಠ 6 ತಿಂಗಳು, ಜಾಸ್ತಿ ಅಂದರೆ 2 ವರ್ಷ ಜೈಲು, ಮೇಲೆ ದಂಡ.

1860ರ ಆ ಐಪಿಸಿ ದಾರಿಯಲ್ಲಿ ಸಿಕ್ಕ ಒಂದು ರೂಪಾಯಿಯನ್ನು ಬಿಟ್ಟುಕೊಟ್ಟಿತ್ತು. ರೂಪಾಯಿಯ ಮೇಲೆ ಯಾರ ಹೆಸರಿರುತ್ತದೆ? ಮೊಬೈಲ್ ಹಾಗಲ್ಲ. ಅರ್ಧ ಗಂಟೆಯಲ್ಲಿ ಅದರಲ್ಲಿ 'ಅವ್ವ' ಅಂತ ಹೆಸರು ಮೂಡಿ ರಿಂಗ್ ಆಗುತ್ತಿತ್ತು. ಆ ಕರೆ ಬರಬಾರದೆಂದೇ ಅಲ್ವಾ ಸಿಮ್ ತೆಗೆದದ್ದು? ಎತ್ತಿದ ಗಳಿಗೆಯಲ್ಲಿ ಹುಡುಗನದು ಏನೂ ತಪ್ಪಿರಲಿಲ್ಲ, ಪಿನ್ನು ಚುಚ್ಚಿ ಟ್ರೇ ಎಳೆದ ನೋಡಿ, ಆಗ ಕೆಟ್ಟ. ಇಷ್ಟು ವರ್ಷ ಮಕ್ಕಳಿಗೆ ಪಾಠ ಹೇಳಿದ ನೀವು ಅವನಿಗೆ ಈ ಒಂದು ಪ್ರಶ್ನೆ ಕೇಳಲೇ ಇಲ್ಲ, ಕಳಕೊಂಡವನ ಎಚ್ಚರದ ಲೆಕ್ಕ ಹಿಡಿದು ಕೂತಿರಿ.

12ನೇ ಶತಮಾನದ ವಚನಕಾರ್ತಿ ಸತ್ಯಕ್ಕ, ದಾರಿಯಲ್ಲಿ ಹೊನ್ನು ಬಿದ್ದಿದ್ದರೂ ಕೈಯಿಂದ ಮುಟ್ಟುವುದಿಲ್ಲ ಎಂದು ಆಣೆ ಇಟ್ಟವಳು. ನಾನು ಅಷ್ಟು ದೊಡ್ಡವನಲ್ಲ. ಎತ್ತಿ ಅಂತಲೇ ಹೇಳುತ್ತೇನೆ, ನಾವು ಎತ್ತದಿದ್ದರೆ ಟ್ರೇ ಎಳೆಯುವವನು ಎತ್ತುತ್ತಾನೆ.

ಆದರೆ ಎತ್ತಿದ್ದನ್ನು ಮುಟ್ಟಿಸುವುದು ಎಷ್ಟು ಕಷ್ಟ ಮಾಡಿಟ್ಟಿದ್ದೇವೆ! ಹುಬ್ಬಳ್ಳಿಯ ದುರ್ಗದ ಬೈಲಿನಲ್ಲಿ ನನಗೊಂದು ಪಾಕೀಟು ಸಿಕ್ಕಿತ್ತು. ಠಾಣೆಯೊಂದಕ್ಕೆ ಹೋದೆ. "ನಿಮಗ ಹೆಂಗ ಸಿಕ್ಕಿತು?" ಅಂತ ಮೂರು ಮಂದಿ ಮೂರು ಸಲ ಕೇಳಿದರು. ಎರಡು ತಾಸು ಬೆಂಚಿನ ಮೇಲೆ ಕೂಡಿಸಿ, ಸಾಹೇಬರಿಲ್ಲ, ನಾಳೆ ಬರ್ರಿ ಅಂದರು. ಅಂಚೆ ಕಚೇರಿ, ಬಸ್ ಸ್ಟ್ಯಾಂಡು, ಎಲ್ಲಿ ಹೋದರೂ ಪ್ರಾಮಾಣಿಕನಿಗೇ ಅರ್ಜಿ, ಅವನಿಗೇ ಸಹಿ. ಕೊನೆಗೆ ಪಾಕೀಟಿನಲ್ಲಿದ್ದ ವೋಟರ್ ಕಾರ್ಡಿನ ವಿಳಾಸ ಹಿಡಿದು ನಾನೇ ಮನೆ ಹುಡುಕಿದೆ. ಆ ಮನುಷ್ಯ ನನ್ನೆದುರೇ ನೋಟು ಎಣಿಸಿದ. ಎರಡು ಸಲ. ಆಮೇಲೆ ಗಿರ್ಮಿಟ್ ತರಿಸಿದ.