ತವರಿಗೆ ಹೋಗುವಾಗ ಲಿವರ್ ಫೈಲೂ ಜೊತೆಗಿರಲಿ

ಪ್ರಶ್ನೆ: ಮೇಡಂ, ನನಗೆ 27 ವರ್ಷ. ಗಂಡನ ಮನೆ ಸೇಡಂ ತಾಲ್ಲೂಕು, ತವರು ಶಹಾಪುರ ಕಡೆ. ಮೂರು ವರ್ಷದ ಹಿಂದೆ ಕಾಮಣಿ ಆಗಿತ್ತು. ಊರಲ್ಲಿ ಔಷಧ ಕುಡಿದರೂ ಇಳಿಯಲಿಲ್ಲ, ಕೊನೆಗೆ ಬಯಾಪ್ಸಿ ಮಾಡಿ ಆಟೋಇಮ್ಯೂನ್ ಹೆಪಟೈಟಿಸ್, ಅಂದರೆ ಮೈಯ ರೋಗನಿರೋಧಕ ಶಕ್ತಿಯೇ ಲಿವರ್ ಮೇಲೆ ತಿರುಗಿಬೀಳೋ ರೋಗ ಅಂದರು. ಈಗ ಪ್ರೆಡ್ನಿಸೊಲೋನ್ 5 ಮಿ.ಗ್ರಾಂ, ಅಜಥಯೋಪ್ರಿನ್ 50 ಮಿ.ಗ್ರಾಂ ತಗೊಳ್ತಿದ್ದೀನಿ. ಎಂಟು ತಿಂಗಳಿಂದ ಲಿವರ್ ಟೆಸ್ಟಿನಲ್ಲಿ ಎಸ್‌ಜಿಪಿಟಿ ನಾರ್ಮಲ್. ಅತ್ತೆಯವರು ಮಗು ಯಾವಾಗ ಅಂತ ಕೇಳ್ತಾನೇ ಇದ್ದಾರೆ. ಮೆಡಿಕಲ್ ಶಾಪಿನವರು ಗುಳಿಗೆ ಬಿಟ್ಟ ಮೇಲೇ ಮಗು ಅಂದರು. ಬಿಡಲಾ? ಮಗುವಿಗೂ ಈ ರೋಗ ಬರುತ್ತಾ?

ಉತ್ತರ: ಬಿಡಬೇಡಿ ತಂಗಿ. ಅಂಗಡಿಯವರು ಕೆಟ್ಟದ್ದಕ್ಕೆ ಹೇಳಿಲ್ಲ, ಅಜಥಯೋಪ್ರಿನ್ ಜೊತೆ ಬರುವ ಚೀಟಿಯಲ್ಲಿ ಬಸುರಿಯರಿಗೆ ಎಚ್ಚರಿಕೆ ಬರೆದಿರುತ್ತದೆ, ಅದನ್ನೇ ಹೇಳಿರುತ್ತಾರೆ. ಆದರೆ ಲಿವರ್ ರೋಗದವರು, ಕರುಳಿನ ಕಾಯಿಲೆಯವರು, ಕಿಡ್ನಿ ಕಸಿ ಆದವರು ಎಷ್ಟೋ ವರ್ಷಗಳಿಂದ ಈ ಗುಳಿಗೆ ನುಂಗುತ್ತಲೇ ಹೆತ್ತಿದ್ದಾರೆ, ಇದರಿಂದ ಮಕ್ಕಳಲ್ಲಿ ಅಂಗದೋಷ ಹೆಚ್ಚಾದದ್ದು ಕಂಡುಬಂದಿಲ್ಲ. ಪ್ರೆಡ್ನಿಸೊಲೋನ್ ಅಂತೂ ಮಾಸು ದಾಟುವಷ್ಟರಲ್ಲೇ ಬಹುಪಾಲು ಬಲ ಕಳೆದುಕೊಳ್ಳುತ್ತದೆ. ನಿಜವಾದ ಅಪಾಯ ಗುಳಿಗೆ ಬಿಟ್ಟು ರೋಗ ತಿರುಗಿ ಎದ್ದಾಗ. ಆಗ ದಿನ ತುಂಬುವ ಮೊದಲೇ ಹೆರಿಗೆಯಾಗುವುದು ಜಾಸ್ತಿ.

ಒಂದು ಗುಳಿಗೆ ಮಾತ್ರ ಬೇರೆ, ಮೈಕೋಫೆನೊಲೇಟ್. ಅಜಥಯೋಪ್ರಿನ್ ಒಗ್ಗದವರಿಗೆ ಕೊಡುತ್ತಾರೆ. ಅದರಿಂದ ಗರ್ಭ ಇಳಿಯಬಹುದು, ಮಗುವಿನ ಕಿವಿ, ತುಟಿಗೆ ದೋಷ ಬರಬಹುದು. ಈ ಉತ್ತರ ಓದುವವರಲ್ಲಿ ಅದನ್ನು ನುಂಗುವವರಿದ್ದರೆ ಡಾಕ್ಟರ ಹತ್ತಿರ ಬೇರೆ ಔಷಧಕ್ಕೆ ಬದಲಾಯಿಸಿಕೊಂಡು, ಕನಿಷ್ಠ 6 ವಾರ ಕಳೆದ ಮೇಲೇ ಮಗುವಿನ ಯೋಚನೆ ಮಾಡಿ. ಅಲ್ಲಿವರೆಗೆ ಕಾಪರ್-ಟಿ ಇರಲಿ, ನಿರೋಧ್ ಒಂದನ್ನೇ ನಂಬಬೇಡಿ.

ಎಂಟು ತಿಂಗಳು ನಾರ್ಮಲ್ ಅಂದರೆ ಒಳ್ಳೆಯದೇ, ಆದರೆ ನಾವು ಕೇಳುವುದು ಪೂರ್ತಿ ಒಂದು ವರ್ಷ. ಎಸ್‌ಜಿಪಿಟಿ ಒಂದೇ ಸಾಲದು, ರಕ್ತದಲ್ಲಿನ ಐಜಿಜಿ ಅನ್ನುವ ಪ್ರತಿಕಾಯದ ಮಟ್ಟ ಕೂಡ ನಾರ್ಮಲ್ ಇರಬೇಕು. ಇನ್ನು ನಾಲ್ಕು ತಿಂಗಳು ಕಾಯಿರಿ, ಅಷ್ಟರಲ್ಲಿ ಲಿವರ್ ಎಷ್ಟು ಗಟ್ಟಿಯಾಗಿದೆ ಅಂತ ಅಳೆಯುವ ಫೈಬ್ರೋಸ್ಕ್ಯಾನ್ ಮಾಡಿಸಿ. ಲಿವರ್ ಗಟ್ಟಿಯಾಗಿ ಸಿರೋಸಿಸ್ ಆಗಿದ್ದರೆ ಎಂಡೋಸ್ಕೋಪಿ ಬೇಕು, ಯಾಕೆಂದರೆ ಅನ್ನನಾಳದಲ್ಲಿ ಉಬ್ಬಿದ ರಕ್ತನಾಳ ಬಸುರಿನಲ್ಲಿ ಒಡೆದರೆ ಜೀವಕ್ಕೇ ಕುತ್ತು, ಮೊದಲೇ ಗೊತ್ತಾದರೆ ಬ್ಯಾಂಡ್ ಹಾಕಬಹುದು. ಫೋಲಿಕ್ ಆಸಿಡ್ ಈಗಲೇ ಶುರು ಮಾಡಿ. ಹೆಪಟೈಟಿಸ್ ಬಿ ಲಸಿಕೆ ಆಗಿಲ್ಲದಿದ್ದರೆ ಹಾಕಿಸಿಕೊಳ್ಳಿ. ಪ್ರೆಡ್ನಿಸೊಲೋನ್ ಸ್ಟೀರಾಯ್ಡ್, ಅದರಿಂದ ಸಕ್ಕರೆ, ಬಿಪಿ ಏರಬಹುದು, ಅವನ್ನೂ ನೋಡಿಸಿ. ನಮ್ಮ ಕಡೆ ಬೇಸಿಗೆಯಲ್ಲಿ ಟ್ಯಾಂಕರ್ ನೀರೇ ಗತಿ, ಅಲ್ವಾ? ನೀರು ಕುದಿಸಿ ಆರಿಸಿ ಕುಡಿಯಿರಿ. ನೀರಿನಿಂದ ಬರುವ ಹೆಪಟೈಟಿಸ್ ಇ ಬೇರೆಯವರಿಗೆ ಸುಮ್ನೆ ಬಂದು ಹೋಗಬಹುದು, ಬಸುರಿಯರಿಗಾದರೆ ಜೀವಕ್ಕೇ ಎರವಾಗಬಹುದು.

ಕಾಮಣಿ ಔಷಧ, ಅಮೃತಬಳ್ಳಿ ಕಷಾಯ, ಯಾರು ಎಷ್ಟು ಪ್ರೀತಿಯಿಂದ ಕೊಟ್ಟರೂ ಬೇಡ. 2021ರಲ್ಲಿ ಮುಂಬೈ ವೈದ್ಯರು ಅಮೃತಬಳ್ಳಿ ಕುಡಿದು ಲಿವರ್ ಕೆಟ್ಟ 6 ಮಂದಿಯ ವಿವರ ಬರೆದರು, ಅದು ಆಟೋಇಮ್ಯೂನ್ ಹೆಪಟೈಟಿಸ್‌ನಂತೆಯೇ ಕಾಣುತ್ತಿತ್ತು.

ಮಗುವಿಗೆ ಬರುತ್ತಾ ಅಂದಿರಿ. ತಾಯಿಯಿಂದ ಮಗುವಿಗೆ ನೇರವಾಗಿ ದಾಟುವ ರೋಗ ಇದಲ್ಲ. ಆ ಚಿಂತೆ ಬಿಡಿ.

ಈಗ ನೀವು ಕೇಳದೇ ಇರುವ ಮಾತು, ನನಗೆ ಜಾಸ್ತಿ ಭಯ ಇರುವುದೂ ಇದರದ್ದೇ. ಬಸುರಿನಲ್ಲಿ ಈ ರೋಗ ಬಹಳ ಜನರಿಗೆ ತಣ್ಣಗಿರುತ್ತದೆ, ಹೆರಿಗೆಯಾದ ಮೇಲೆ ಮೊದಲ ಆರು ತಿಂಗಳಲ್ಲಿ ತಿರುಗಿ ಏಳುವ ಭಯ ಹೆಚ್ಚು. ನೀವು ಆಗ ಎಲ್ಲಿರುತ್ತೀರಿ? ಶಹಾಪುರದಲ್ಲಿ. ಕುಬಸ ಮುಗಿಸಿ ತವರಿಗೆ ಹೋದವರು ಮಗುವಿಗೆ ಐದು ತಿಂಗಳಾಗದೆ ಎಲ್ಲಿ ಬರುತ್ತಾರೆ. ಬ್ಯಾಗಿನಲ್ಲಿ ಸೀರೆ ಇರುತ್ತವೆ, ತಾಯಿ ಕಾರ್ಡ್ ಇರುತ್ತದೆ, ಲಿವರ್ ಫೈಲು ಮಾತ್ರ ಗಂಡನ ಮನೆಯ ಕಪಾಟಿನಲ್ಲೇ ಉಳಿಯುತ್ತದೆ. ಅಲ್ಲಿ ಅವ್ವ ಅಂಟಿನುಂಡಿ, ಅಳವಿ ಪಾಯಸ ಮಾಡಿ ತಿನ್ನಿಸುತ್ತಾರೆ, ತಿನ್ನಿ, ತಕರಾರಿಲ್ಲ. ಆದರೆ ಮಗಳು ಸೋತು ಮಲಗಿದರೆ ಕೂಸು ರಾತ್ರಿ ನಿದ್ದೆ ಮಾಡೋಕೆ ಬಿಡಲ್ಲ, ಅದಕ್ಕೇ ಹೀಗೆ ಅಂತಾರೆ. ಹಸಿವಿಲ್ಲ ಅಂದರೆ ಬಾಣಂತಿಗೆ ಹಂಗೇ ಅಂತಾರೆ. ಕಣ್ಣು ಹಳದಿಯಾಗುವ ಹೊತ್ತಿಗೆ ತಡವಾಗಿರುತ್ತದೆ.

ಅದಕ್ಕೇ ಫೈಲನ್ನು ಸೀರೆಗಿಂತ ಮೊದಲು ಇಡಿ. ಹೆರಿಗೆ ಯಾವ ದವಾಖಾನೆಯಲ್ಲಾದರೂ ಸ್ಟೀರಾಯ್ಡ್ ತಗೊಳ್ತೀನಿ ಅಂತ ಒಳಗೆ ಹೋಗುವಾಗಲೇ ಹೇಳಿ, ಆ ಹೊತ್ತಿಗೆ ಸ್ಟೀರಾಯ್ಡ್ ಇಂಜೆಕ್ಷನ್ ಬೇಕಾಗಬಹುದು. ಲಿವರ್ ರೋಗ ಇದೆ ಅನ್ನೋದೊಂದೇ ಕಾರಣಕ್ಕೆ ಸಿಸೇರಿಯನ್ ಬೇಕಿಲ್ಲ. ಹೆತ್ತ ಮೂರನೇ ವಾರದಿಂದ ಆರು ತಿಂಗಳು, ತಿಂಗಳಿಗೊಮ್ಮೆಯಾದರೂ ಲಿವರ್ ಟೆಸ್ಟ್ ಮಾಡಿಸಿ. ಶಹಾಪುರದಲ್ಲೇ ರಕ್ತ ಕೊಟ್ಟು, ರಿಪೋರ್ಟನ್ನು ನಿಮ್ಮ ಡಾಕ್ಟರಿಗೆ ವಾಟ್ಸಾಪ್ ಮಾಡಿದರೂ ಆಯ್ತು.

ಗುಳಿಗೆ ನುಂಗುವ ತಾಯಿ ಎದೆಹಾಲು ಕೊಡಬಾರದು ಅಂತಲೂ ಯಾರಾದರೂ ಹೇಳೇ ಹೇಳ್ತಾರೆ. ಈ ಎರಡು ಗುಳಿಗೆ ಹಾಲಿಗೆ ಹೋಗುವುದು ತೀರಾ ಕಡಿಮೆ. ಕುಡಿಸಿ.