ಅಘನಾಶಿನಿಯ ಮೀನು ಅಕ್ವೇರಿಯಂನಲ್ಲಿ ಏಕೆ ಉಳಿಯುತ್ತಿಲ್ಲ?

ಪ್ರಶ್ನೆ: ನಮ್ಮೂರು ಕುಮಟಾ ಹತ್ತಿರ, ಈಗ ಇರುವುದು ಬೆಂಗಳೂರಿನಲ್ಲಿ. ಊರಿಗೆ ಹೋದಾಗ ಅಘನಾಶಿನಿ ನದಿ ಸಮುದ್ರ ಸೇರುವ ಅಳಿವೆಯಲ್ಲಿ ಬಲೆಗೆ ಸಿಕ್ಕ ಎಂಟು ಸಣ್ಣ ಮೀನುಗಳನ್ನು ಚೀಲದಲ್ಲಿ ಕಟ್ಟಿ ರಾತ್ರಿ ಬಸ್ಸಿನಲ್ಲಿ ತಂದು ಎರಡು ಅಡಿಯ ಹೊಸ ಅಕ್ವೇರಿಯಂಗೆ ಬಿಟ್ಟೆ. ಆರು ಆರೆಂಜ್ ಕ್ರೋಮೈಡ್, ಎರಡು ಸ್ಕ್ಯಾಟ್. ನೀರಿಗೆ ಅಲ್ಲಿಯದೇ ಸಾಣಿಕಟ್ಟಾ ಉಪ್ಪು ಹಾಕಿದ್ದೇನೆ. ವಾರದೊಳಗೆ ಮೂರು ಕ್ರೋಮೈಡ್ ಸತ್ತವು. ಉಳಿದವು ಮೇಲೆ ಬಂದು ಬಾಯಿ ಬಿಡುತ್ತಿವೆ. ಉಪ್ಪು ಕಡಿಮೆಯಾಯಿತೇ? ಸಮುದ್ರದ ನೀರನ್ನೇ ತರಿಸಲೇ?

ಉತ್ತರ: ಸಮುದ್ರದ ನೀರು ಬೇಡ. ಮಳೆಗಾಲದಲ್ಲಿ ಘಟ್ಟದ ನೀರು ಇಳಿದಾಗ ಅಳಿವೆ ಹೆಚ್ಚುಕಡಿಮೆ ಸಿಹಿಯಾಗುತ್ತದೆ, ಬೇಸಿಗೆಯಲ್ಲಿ ಸಮುದ್ರದಷ್ಟೇ ಉಪ್ಪಾಗುತ್ತದೆ. ಆ ಏರಿಳಿತದಲ್ಲೇ ಬೆಳೆದ ಮೀನು ಉಪ್ಪು ತುಸು ಹೆಚ್ಚುಕಡಿಮೆಯಾದರೆ ಸಾಯುವುದಿಲ್ಲ. ನೀವು ಹೇಳುವ ಲಕ್ಷಣ ನೋಡಿದರೆ ನನ್ನ ಅನುಮಾನ ಅಮೋನಿಯಾದ ಮೇಲೆ.

ಮೀನು ಕಿವಿರಿನಿಂದ ಸದಾ ಅಮೋನಿಯಾ ಹೊರಹಾಕುತ್ತದೆ. ಅದನ್ನು ಕರಗಿಸುವ ಬ್ಯಾಕ್ಟೀರಿಯಾ ಫಿಲ್ಟರ್‌ನಲ್ಲಿ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ನಿಮ್ಮ ತೊಟ್ಟಿ ಹೊಸದು, ಹಿಡಿಯುವುದು ಐವತ್ತು ಲೀಟರ್ ಚಿಲ್ಲರೆ, ಬಿಟ್ಟದ್ದು ಒಮ್ಮೆಗೇ ಎಂಟು ಮೀನು. ಜೊತೆಗೆ ಚೌಳು ನೀರು (ಅರೆ ಉಪ್ಪು ನೀರು) ಸಾಮಾನ್ಯವಾಗಿ ಕ್ಷಾರೀಯ. ನೀರಿನ ಆಮ್ಲ-ಕ್ಷಾರ ಮಟ್ಟ ತೋರಿಸುವ ಪಿಎಚ್ 7ರಿಂದ 8ಕ್ಕೆ ಏರಿದರೆ ಅದೇ ಅಮೋನಿಯಾದ ವಿಷಕಾರಿ ಪಾಲು ಸುಮಾರು ಹತ್ತು ಪಟ್ಟಾಗುತ್ತದೆ. ಕಿವಿರು ಸುಟ್ಟ ಮೀನಿಗೆ ಗಾಳಿ ಸಾಲದೆ ಮೇಲೆ ಬಂದು ಬಾಯಿ ಬಿಡುತ್ತದೆ.

ಇವತ್ತೇ ಮೂರನೇ ಒಂದು ಭಾಗ ನೀರು ಬದಲಿಸಿ. ಹೊಸ ನೀರಿನ ಬಿಸಿ, ಉಪ್ಪು ಎರಡೂ ತೊಟ್ಟಿಯ ನೀರಿನಷ್ಟೇ ಇರಲಿ, ನಲ್ಲಿ ನೀರಾದರೆ ಕ್ಲೋರಿನ್ ತೆಗೆದಿರಲಿ. ಏರ್ ಪಂಪ್ ಹಗಲು ರಾತ್ರಿ ಓಡಲಿ, ಎರಡು ದಿನ ಆಹಾರ ಹಾಕಬೇಡಿ. ಅಮೋನಿಯಾ ಪರೀಕ್ಷೆಯ ಕಿಟ್ ಕೊಳ್ಳಿ, ಅದರಲ್ಲಿ ಸೊನ್ನೆ ಬರುವವರೆಗೆ ದಿನವೂ ನೀರು ಬದಲಿಸುತ್ತಿರಿ. ಫಿಲ್ಟರ್ ಸ್ಪಂಜನ್ನು ನಲ್ಲಿಯ ಕೆಳಗೆ ತೊಳೆಯಬೇಡಿ, ಈಗಷ್ಟೇ ಹುಟ್ಟುತ್ತಿರುವ ಬ್ಯಾಕ್ಟೀರಿಯಾ ಕ್ಲೋರಿನ್‌ಗೆ ಸಾಯುತ್ತದೆ.

ರಾತ್ರಿ ಬಸ್ಸಿನ ಪ್ರಯಾಣವೂ ಪೆಟ್ಟು ಕೊಟ್ಟಿರಬಹುದು. ಕಟ್ಟಿದ ಚೀಲದಲ್ಲಿ ಅಮೋನಿಯಾ ಸೇರುತ್ತಲೇ ಇರುತ್ತದೆ, ಆದರೆ ಮೀನು ಉಸಿರಾಡಿ ಬಿಟ್ಟ ಇಂಗಾಲದ ಡೈಆಕ್ಸೈಡ್ ಪಿಎಚ್ ಇಳಿಸಿ ಅದರ ವಿಷವನ್ನು ತಡೆದಿರುತ್ತದೆ. ಚೀಲ ಬಿಚ್ಚಿದೊಡನೆ ಆ ಅನಿಲ ಹೋಗಿ ಪಿಎಚ್ ಏರುತ್ತದೆ, ಅಮೋನಿಯಾ ವಿಷವಾಗುತ್ತದೆ. ದೂರದಿಂದ ತಂದ ಮೀನಿನ ಚೀಲ ಬಿಚ್ಚಿಟ್ಟು ಗಂಟೆಗಟ್ಟಲೆ ಹನಿಹನಿಯಾಗಿ ನೀರು ಬೆರೆಸುವುದು ಅದಕ್ಕೇ ಅಪಾಯ. ತೊಟ್ಟಿಯ ಉಪ್ಪನ್ನು ಮೊದಲೇ ಹೊಂದಿಸಿಡಬೇಕು, ಕಟ್ಟಿದ ಚೀಲವನ್ನು ಕಾಲು ಗಂಟೆ ತೇಲಿಬಿಟ್ಟು ಬಿಸಿ ಸಮಮಾಡಬೇಕು, ಬಿಚ್ಚಿದ ತಕ್ಷಣ ಮೀನನ್ನಷ್ಟೇ ಬಲೆಯಲ್ಲಿ ದಾಟಿಸಬೇಕು.

ಇನ್ನು ಸಾಣಿಕಟ್ಟಾ ಉಪ್ಪು. ಅದೇ ಅಳಿವೆಯ ಉಪ್ಪು, ಅದೇ ಅಳಿವೆಯ ಮೀನು, ಸರಿಹೋಗಬೇಕು ಎಂದು ಯಾರಿಗಾದರೂ ಅನ್ನಿಸುತ್ತದೆ. ಆದರೆ ಉಪ್ಪಿನ ಆಗರದಲ್ಲಿ ನೀರು ಆರುವಾಗ ಸುಣ್ಣದ ಅಂಶ ಮತ್ತು ಜಿಪ್ಸಂ ಉಪ್ಪಿಗಿಂತ ಮೊದಲೇ ಹರಳುಗಟ್ಟಿ ತಳ ಸೇರುತ್ತವೆ, ಮೆಗ್ನೀಸಿಯಂ ಕೊನೆಗೆ ಉಳಿಯುವ ಕಹಿ ನೀರಿನಲ್ಲಿ ಹೋಗುತ್ತದೆ. ನಡುವೆ ಕೈಗೆ ಬರುವುದು ಬಹುಪಾಲು ಸೋಡಿಯಂ ಕ್ಲೋರೈಡ್. ಅಡುಗೆಗೆ ಅದು ಒಳ್ಳೆಯದೇ, ಆದರೆ ಪಿಎಚ್ ಹಿಡಿದಿಡುವ ಶಕ್ತಿ ಅದಕ್ಕಿಲ್ಲ. ಅಂಗಡಿಯಲ್ಲಿ ಸಿಗುವ ಮರೈನ್ ಸಾಲ್ಟ್ ಮಿಕ್ಸ್ (ಸಮುದ್ರದ ನೀರಿನ ಲವಣಗಳ ಮಿಶ್ರಣ) ತನ್ನಿ, ಲೀಟರಿಗೆ 8ರಿಂದ 10 ಗ್ರಾಂ ಸಾಕು. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಇರುತ್ತದೆ. ಬದಲಾವಣೆ ಒಂದೇ ದಿನಕ್ಕೆ ಬೇಡ, ಪ್ರತಿ ಸಲ ನೀರು ಬದಲಿಸುವಾಗ ಸ್ವಲ್ಪಸ್ವಲ್ಪ. ಮೀನು ತಡೆದರೂ ಫಿಲ್ಟರ್‌ನ ಬ್ಯಾಕ್ಟೀರಿಯಾ ತಡೆಯದು. ಕಾವೇರಿ ನೀರು ಬಳಸುತ್ತಿದ್ದರೆ ಒಂದು ಹಿಡಿ ತೊಳೆದ ಬೆಳಚಿನ ಚಿಪ್ಪನ್ನು (ಕಪ್ಪೆಚಿಪ್ಪು) ಫಿಲ್ಟರ್‌ಗೆ ಹಾಕಿ. ಪಿಎಚ್ ಇಳಿದಾಗ ಚಿಪ್ಪು ಕರಗಿ ಅದನ್ನು ಎತ್ತುತ್ತದೆ. ಗಡಸು ಬೋರ್‌ವೆಲ್ ನೀರಾದರೆ ಅದರ ಅಗತ್ಯವಿಲ್ಲ.

ಸ್ಕ್ಯಾಟ್‌ಗಳನ್ನಂತೂ ಇಟ್ಟುಕೊಳ್ಳಬೇಡಿ. ಈಗ ನಾಣ್ಯದಷ್ಟಿರುವ ಅವು ಒಂದು ಅಡಿಯವರೆಗೂ ಬೆಳೆಯುತ್ತವೆ, ಸದಾ ತಿನ್ನುತ್ತವೆ, ಅಷ್ಟೇ ಗಲೀಜು ಮಾಡುತ್ತವೆ. ಬರಿಗೈಯಲ್ಲಿ ಹಿಡಿಯಬೇಡಿ, ಬೆನ್ನಿನ ಮುಳ್ಳು ಚುಚ್ಚಿದರೆ ವಿಪರೀತ ಉರಿ. ದೊಡ್ಡ ಚೌಳು ನೀರಿನ ತೊಟ್ಟಿ ಇರುವವರಿಗೆ ಕೊಡಿ. ಬೆಂಗಳೂರಿನ ಕೆರೆಗೂ ಬೇಡ, ಅಘನಾಶಿನಿಗೆ ವಾಪಸ್ಸೂ ಬೇಡ. ಅಂಗಡಿಯ ಮೀನು, ಗಿಡ, ಸ್ಪಂಜುಗಳ ಸಂಪರ್ಕಕ್ಕೆ ಬಂದ ಮೀನು 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿ ಸೇರಿದ ಆ ಅಳಿವೆಗೆ ಯಾವ ರೋಗ ಒಯ್ಯುತ್ತದೋ ಹೇಳಲಾಗದು.

ಕ್ರೋಮೈಡ್‌ಗೆ ನಿಮ್ಮ ತೊಟ್ಟಿ ಸಾಕು, ಅದು ಬೆಳೆಯುವುದು ಮೂರು ಇಂಚಿನಷ್ಟು. ಅಳಿವೆಯಿಂದ ಹಿಡಿದು ತಂದ ಮೀನಿಗೆ ಅಂಗಡಿಯ ಗುಳಿಗೆಯಂಥ ಪೆಲೆಟ್ ಆಹಾರವೆಂದೇ ಗೊತ್ತಿರುವುದಿಲ್ಲ. ಸೊಳ್ಳೆ ಮರಿ, ಸಣ್ಣಗೆ ಹೆಚ್ಚಿದ ಸೀಗಡಿಯಿಂದ ಶುರುಮಾಡಿ, ಅದರ ಜೊತೆ ಪೆಲೆಟ್ ಬೆರೆಸುತ್ತ ಹೋಗಿ. ಹಿಂದಿನ ಗಾಜಿನ ಪಾಚಿ ಒರೆಸಬೇಡಿ, ಅದನ್ನೂ ಕೆರೆದು ತಿನ್ನುತ್ತವೆ. ಉಳಿದ ಮೂರರಲ್ಲಿ ಜೋಡಿ ಕೂಡಿದರೆ ಚಪ್ಪಟೆ ಕಲ್ಲಿನ ಮೇಲೆ ಮೊಟ್ಟೆಯಿಟ್ಟು ಗಂಡು ಹೆಣ್ಣು ಎರಡೂ ಕಾಯುತ್ತವೆ, ಆಗ ಮೂರನೆಯದನ್ನು ಬೇರೆ ಮಾಡಿ. ಮರಿಗಳು ತಂದೆತಾಯಿಯ ಮೈಗೆ ಬಾಯಿ ಹಾಕಿ ಎಳೆಯುವುದು ಕಂಡರೆ ಗಾಬರಿಯಾಗಿ ಬೇರ್ಪಡಿಸಬೇಡಿ. ಅವು ಮೈಮೇಲಿನ ಲೋಳೆ ತಿನ್ನುತ್ತಿರುತ್ತವೆ, ಮೊದಲ ವಾರಗಳಲ್ಲಿ ಅವುಗಳಿಗೆ ಅದೂ ಆಹಾರವೇ.